ಚಿಕ್ಕಂದಿನಲ್ಲಿ ಹಾರ್ಟ್ ಆಪರೇಷನ್ ಆಗಿದೆಯಾ? ದೊಡ್ಡವರಾದ ಮೇಲೆ ಮಾಡಬೇಕಾದ ಕೆಲಸಗಳು

"ಚಿಕ್ಕವನಿದ್ದಾಗ ಹಾರ್ಟಲ್ಲಿ ಹೋಲ್ ಇತ್ತಂತೆ, ಆಪರೇಷನ್ ಮಾಡಿಸಿದ್ರಂತೆ, ಈಗ ಎಲ್ಲ ಸರಿಹೋಗಿದೆ." ತಮ್ಮ ಹೃದಯದ ಬಗ್ಗೆ ಇಷ್ಟು ಮಾತ್ರ ಹೇಳಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದು ಅವರಿಗಾಗಿ ಬರೆದದ್ದು. ಅಂಥ ಮಕ್ಕಳನ್ನು ಸಾಕುತ್ತಿರುವ ಅಪ್ಪ ಅಮ್ಮಂದಿರಿಗೂ.

ಆ ಮಾತಿನ ಕೊನೆಯ ಭಾಗವನ್ನು ಸುಮ್ನೆ ನಂಬಬೇಡಿ. ಸಣ್ಣ ತೂತು ಮುಚ್ಚಿಸಿಕೊಂಡವರಿಗೆ ಅದು ನಿಜವೇ ಇರಬಹುದು. ಉಳಿದ ಬಹಳಷ್ಟು ಜನರಿಗೆ ಆಗಿರುವುದು ರಿಪೇರಿ, ಅಷ್ಟೇ. ರಿಪೇರಿ ಮಾಡಿದ ಜಾಗ 20-30 ವರ್ಷ ಕಳೆದ ಮೇಲೆ ಮತ್ತೆ ಕೆಲಸ ಕೊಡಬಹುದು, ಅದೂ ಸದ್ದಿಲ್ಲದೆ.

ಸಾವಿರ ಮಕ್ಕಳು ಹುಟ್ಟಿದರೆ ಅದರಲ್ಲಿ ಸುಮಾರು 8-9 ಮಕ್ಕಳ ಹೃದಯದ ರಚನೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಇರುತ್ತದೆ. ಚಿಕಿತ್ಸೆ ಚೆನ್ನಾಗಿ ಸಿಗುವ ದೇಶಗಳಲ್ಲಿ ಈಗ ಇಂಥ 100 ಮಕ್ಕಳಲ್ಲಿ 90ಕ್ಕಿಂತ ಜಾಸ್ತಿ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ, ಹಾಗಾಗಿ ಅಲ್ಲಿ ಈ ತೊಂದರೆ ಇರುವವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚಾಗಿದ್ದಾರೆ. ನಮ್ಮಲ್ಲೂ ಅದೇ ದಾರಿ ಶುರುವಾಗಿದೆ. ಇತ್ತೀಚಿನ ಸಂಶೋಧನೆಯೂ ಅದಕ್ಕೆ ತಕ್ಕಂತೆ ಬದಲಾಗಿದೆ. ಮೊದಲು ಮಗುವನ್ನು ಉಳಿಸುವುದು ಹೇಗೆ ಅಂತ ಕೇಳುತ್ತಿದ್ದರು. ಈಗ ಆ ಮಗು 60 ವರ್ಷ ಚೆನ್ನಾಗಿ ಬಾಳುವುದು ಹೇಗೆ ಅಂತ ಕೇಳುತ್ತಿದ್ದಾರೆ.

ಮೊದಲು ಫೈಲ್ ಹುಡುಕಿ

ಡಾಕ್ಟರ ಹತ್ತಿರ ಹೋಗುವ ಮುಂಚೆ ಮಾಡಬೇಕಾದ ಕೆಲಸ ಇದು. ಬೀರುವಿನ ಮೇಲೆ, ಹಳೇ ಟ್ರಂಕಿನಲ್ಲಿ, ಅಜ್ಜಿ ಮನೆಯಲ್ಲಿ, ಎಲ್ಲ ಕಡೆ ನೋಡಿ. ಬೇಕಾಗಿರುವುದು ನಾಲ್ಕು ವಿಷಯ: ತೊಂದರೆಯ ಪೂರ್ತಿ ಹೆಸರು, ಮಾಡಿದ ಆಪರೇಷನ್ ಹೆಸರು ಮತ್ತು ವರ್ಷ, ಒಳಗೆ ಪ್ಯಾಚ್, ವಾಲ್ವ್, ಕೃತಕ ಟ್ಯೂಬ್, ಡಿವೈಸ್ ಏನಾದರೂ ಇಟ್ಟಿದ್ದಾರಾ ಅನ್ನುವುದು, ಮತ್ತೆ ಕೊನೆಯ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್. "ಹೋಲ್" ಅನ್ನುವುದು ಹೆಸರಲ್ಲ. ಮೇಲಿನ ಎರಡು ಕೋಣೆಗಳ ನಡುವಿನ ಎಎಸ್‌ಡಿ ಕೂಡ ಹೋಲ್, ಕೆಳಗಿನ ಎರಡು ಕೋಣೆಗಳ ನಡುವಿನ ವಿಎಸ್‌ಡಿ ಕೂಡ ಹೋಲ್, ನಾಲ್ಕು ದೋಷ ಒಟ್ಟಿಗಿರುವ ಟೆಟ್ರಾಲಜಿ ಆಫ್ ಫಾಲೋದಲ್ಲೂ ಒಂದು ಹೋಲ್ ಇದೆ. ಮೂರರ ಮುಂದಿನ ಕಥೆ ಬೇರೆ ಬೇರೆ.

ಮನೆಯಲ್ಲಿ ಸಿಗದಿದ್ದರೆ ಆಪರೇಷನ್ ಆದ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಹೋಗಿ. ಆಗಿನ ಹೆಸರು, ಅಪ್ಪನ ಹೆಸರು, ಸುಮಾರು ಯಾವ ವರ್ಷ ಅನ್ನುವುದನ್ನು ಬರೆದು ಅರ್ಜಿ ಕೊಡಿ. ಅಲ್ಲೂ ಇಲ್ಲ ಅಂದರೆ ಕೈಚೆಲ್ಲಿ ಕೂರಬೇಡಿ, ಗಾಯದ ಗುರುತೇ ಸಾಕಷ್ಟು ಹೇಳುತ್ತದೆ. ಎದೆಯ ನಡುವೆ ಉದ್ದಕ್ಕೆ ಇದ್ದರೆ ಬಹುಪಾಲು ಓಪನ್ ಹಾರ್ಟ್. ಪಕ್ಕೆಯಲ್ಲಿ ಬೆನ್ನಿನ ಕಡೆಗೆ ತಿರುಗಿದ್ದರೆ ಶಂಟ್ (ಶ್ವಾಸಕೋಶಕ್ಕೆ ರಕ್ತ ಹೋಗಲು ಮಾಡುವ ಅಡ್ಡದಾರಿ) ಹಾಕಿರಬಹುದು, ಇಲ್ಲವೇ ಪಿಡಿಎ (ಹುಟ್ಟಿದ ಮೇಲೆ ಮುಚ್ಚಬೇಕಾಗಿದ್ದು ತೆರೆದೇ ಉಳಿದ ರಕ್ತನಾಳ) ಅಥವಾ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕಿರಿದಾದ ಜಾಗ ಸರಿಮಾಡಿರಬಹುದು. ಉಳಿದದ್ದನ್ನು ಈ ವಿಷಯ ಬಲ್ಲ ಡಾಕ್ಟರು ಎಕೋದಲ್ಲಿ ಕಂಡುಹಿಡಿಯುತ್ತಾರೆ.

ಸಿಕ್ಕ ಎಲ್ಲವನ್ನೂ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ. ಜೊತೆಗೆ ಒಂದೇ ಪುಟದಲ್ಲಿ ಸಾರಾಂಶ ಬರೆದಿಡಿ. ನಿಮ್ಮ ಮಾಮೂಲಿ ಆಕ್ಸಿಜನ್ ಪ್ರಮಾಣ ಎಷ್ಟು, ಮಾಮೂಲಿ ಇಸಿಜಿ ಹೇಗಿರುತ್ತದೆ ಅನ್ನುವುದೂ ಅದರಲ್ಲಿರಲಿ, ಯಾಕೆಂದರೆ ನಿಮ್ಮ ಮಾಮೂಲಿ ಬೇರೆಯವರ ಮಾಮೂಲಿಯ ಹಾಗೆ ಇರುವುದಿಲ್ಲ, ಅದನ್ನು ನೋಡಿ ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರು ಗಾಬರಿಯಾಗಿ ಬೇಡದ ಚಿಕಿತ್ಸೆ ಶುರುಮಾಡಿಬಿಡಬಹುದು.

ಯಾವ ಡಾಕ್ಟರು, ಎಷ್ಟು ದಿನಕ್ಕೊಮ್ಮೆ

ಊರಿನ ಹಾರ್ಟ್ ಡಾಕ್ಟರು ದಿನಾ ನೋಡುವುದು ರಕ್ತನಾಳದ ಬ್ಲಾಕ್, ಬಿಪಿ, ಹಾರ್ಟ್ ಅಟ್ಯಾಕ್. ನಿಮ್ಮದು ಬೇರೆ ವಿದ್ಯೆ. "ಅಡಲ್ಟ್ ಕಂಜೆನಿಟಲ್", ಅಂದರೆ ಹುಟ್ಟಿನಿಂದ ಹೃದಯದ ದೋಷ ಇರುವ ದೊಡ್ಡವರನ್ನು, ನೋಡುವವರು ಇದ್ದಾರಾ ಅಂತ ಕೇಳಿ. ಸಿಗದಿದ್ದರೆ ಮಕ್ಕಳ ಹೃದಯ ತಜ್ಞರ ಹತ್ತಿರವೇ ಹೋಗಿ, ನಮ್ಮಲ್ಲಿ ಹಲವರು ದೊಡ್ಡವರನ್ನೂ ನೋಡುತ್ತಾರೆ. ಮಕ್ಕಳ ವಾರ್ಡಿನ ಹೊರಗೆ ಮೀಸೆ ಹೊತ್ತು ಕಾಯುವುದಕ್ಕೆ ಮುಜುಗರ ಆಗಬಹುದು, ಆದರೂ ಅದೇ ಮೇಲು. ಇದು ಬರೀ ನನ್ನ ಅಭಿಪ್ರಾಯವಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ದಾಖಲೆಗಳನ್ನು ಇಟ್ಟುಕೊಂಡು 2014ರಲ್ಲಿ ಒಂದು ಅಧ್ಯಯನ ಬಂತು. ಈ ವಿಭಾಗದ ವಿಶೇಷ ಕೇಂದ್ರಗಳಿಗೆ ಹೋಗುತ್ತಿದ್ದವರಲ್ಲಿ ಸಾವು ಕಡಿಮೆ ಇತ್ತು ಅಂತ ಅದರಲ್ಲಿ ಕಂಡಿತು.

ಎಷ್ಟು ದಿನಕ್ಕೊಮ್ಮೆ ಹೋಗಬೇಕು? ಸಣ್ಣ ಎಎಸ್‌ಡಿ, ಪಿಡಿಎ ಪೂರ್ತಿ ಮುಚ್ಚಿ ಬೇರೇನೂ ಉಳಿದಿಲ್ಲ ಅಂದರೆ 3-5 ವರ್ಷಕ್ಕೊಮ್ಮೆ ಸಾಕಾಗಬಹುದು. ಟೆಟ್ರಾಲಜಿ ರಿಪೇರಿ ಆದವರಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಥವಾ 2 ವರ್ಷಕ್ಕೊಮ್ಮೆ. ಫಾಂಟನ್ ಅನ್ನುವ ಆಪರೇಷನ್ ಆಗಿ ಒಂದೇ ಪಂಪಿನಲ್ಲಿ ನಡೆಯುವ ಹೃದಯಕ್ಕೆ ವರ್ಷಕ್ಕೆ ಒಂದು ಸಲವಾದರೂ ಬೇಕೇ ಬೇಕು.

ಇಲ್ಲಿ ಒಂದು ಹೊಸ ವಿಷಯ ಇದೆ. 2018ರ ಅಮೆರಿಕದ ಮಾರ್ಗಸೂಚಿ ಬರುವವರೆಗೆ ತೊಂದರೆಯ ಹೆಸರು ನೋಡಿ ಸರಳ, ಮಧ್ಯಮ, ಕ್ಲಿಷ್ಟ ಅಂತ ವಿಂಗಡಿಸುತ್ತಿದ್ದರು. ಈಗ ಅದರ ಜೊತೆಗೆ ಸದ್ಯ ಮೈ ಹೇಗಿದೆ ಅನ್ನುವುದನ್ನೂ ಎ (ಚೆನ್ನಾಗಿದೆ) ಇಂದ ಬಿ, ಸಿ, ಡಿ (ಬಹಳ ಕಷ್ಟ) ಅಂತ ಅಳೆಯುತ್ತಾರೆ. ಕೋವಿಡ್ ಬಂದಾಗ ಇದರ ಬೆಲೆ ಗೊತ್ತಾಯಿತು. ಸಾವಿರಕ್ಕೂ ಹೆಚ್ಚು ಇಂಥ ರೋಗಿಗಳನ್ನು ಬೇರೆ ಬೇರೆ ದೇಶಗಳಲ್ಲಿ ನೋಡಿದಾಗ, ಯಾರಿಗೆ ಕಷ್ಟವಾಗುತ್ತದೆ ಅನ್ನುವುದನ್ನು ಹುಟ್ಟು ದೋಷದ ಕ್ಲಿಷ್ಟತೆಗಿಂತ ಸದ್ಯದ ಮೈಯ ಸ್ಥಿತಿಯೇ ಚೆನ್ನಾಗಿ ಹೇಳಿತು. ಹಾಗಾಗಿ ಮುಂದಿನ ಸಲ "ನಾನೀಗ ಯಾವ ಹಂತದಲ್ಲಿದ್ದೇನೆ ಡಾಕ್ಟ್ರೇ?" ಅಂತ ಕೇಳಿ.

ಟೆಟ್ರಾಲಜಿ ಆದವರು ಇದನ್ನು ನಿಧಾನವಾಗಿ ಓದಿ

ಮಗು ಅತ್ತರೆ ತುಟಿ ನೀಲಿಯಾಗುವ ಕಾಯಿಲೆ ಇದು. ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು, ಇನ್ನೆರಡು ಅದರ ಜೊತೆಗೇ ಬರುವಂಥವು. 1944ರ ನವೆಂಬರಿನಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಶಂಟ್ ಹಾಕಿದರು. ಯೋಚನೆ ಹೆಲೆನ್ ಟಾಸಿಗ್ ಅವರದು, ಚಾಕು ಹಿಡಿದವರು ಆಲ್ಫ್ರೆಡ್ ಬ್ಲೇಲಾಕ್. ಅವರ ಹಿಂದೆ ನಿಂತು ಹೀಗೆ ಮಾಡಿ ಅಂತ ಹೇಳಿಕೊಡುತ್ತಿದ್ದವರು ವಿವಿಯನ್ ಥಾಮಸ್, ಕಾಲೇಜು ಓದು ಕೂಡ ಸಿಗದ ಕಪ್ಪು ಜನಾಂಗದ ಸಹಾಯಕ. ಆ ಆಪರೇಷನ್ನಿನ ಹೆಸರಿಗೆ ಅವರ ಹೆಸರು ಸೇರಿದ್ದು ಎಷ್ಟೋ ವರ್ಷ ಆದಮೇಲೆ. ಹೃದಯ ತೆರೆದು ಪೂರ್ತಿ ರಿಪೇರಿ ಮಾಡುವುದು 1954ರಲ್ಲಿ ಮಿನೆಸೋಟದಲ್ಲಿ ವಾಲ್ಟನ್ ಲಿಲ್ಲೆಹೈ ಅವರಿಂದ ಶುರುವಾಯಿತು. ಆ ತಲೆಮಾರಿನ ಮಕ್ಕಳು ಬೆಳೆದು ದೊಡ್ಡವರಾದ ಮೇಲೆಯೇ ಮುಂದೇನಾಗುತ್ತದೆ ಅಂತ ಗೊತ್ತಾಗಿದ್ದು.

ಆಗುವುದೇನೆಂದರೆ, ಕಿರಿದಾದ ದಾರಿಯನ್ನು ಅಗಲ ಮಾಡುವಾಗ ಅಲ್ಲಿನ ವಾಲ್ವ್ ಎಷ್ಟೋ ಜನರಲ್ಲಿ ಕೆಲಸಕ್ಕೆ ಬಾರದಂತೆ ಆಗಿಬಿಡುತ್ತದೆ. ಶ್ವಾಸಕೋಶದ ಕಡೆ ಹೋದ ರಕ್ತ ಸ್ವಲ್ಪ ಸ್ವಲ್ಪ ವಾಪಸ್ ಸೋರುತ್ತದೆ. ಬಲಗಡೆಯ ಕೋಣೆ ವರ್ಷಗಟ್ಟಲೆ ಅದನ್ನು ತಡೆದುಕೊಂಡು ನಿಧಾನಕ್ಕೆ ಹಿಗ್ಗುತ್ತದೆ. ನಿಮಗೆ ಏನೂ ಅನಿಸುವುದಿಲ್ಲ. ಮೆಟ್ಟಿಲು ಹತ್ತುತ್ತೀರಿ, ಗಾಡಿ ಓಡಿಸುತ್ತೀರಿ, ಆಫೀಸಿಗೆ ಹೋಗುತ್ತೀರಿ, ಚಿಕ್ಕಂದಿನಿಂದಲೂ ಸ್ವಲ್ಪ ಸುಸ್ತು ಇದ್ದೇ ಇದ್ದವರಿಗೆ ಇನ್ನೂ ಸ್ವಲ್ಪ ಜಾಸ್ತಿಯಾದರೆ ಗೊತ್ತೇ ಆಗುವುದಿಲ್ಲ. ಹಾಗಾಗಿ "ನಂಗೇನೂ ತೊಂದರೆ ಇಲ್ಲ" ಅನ್ನುವುದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಡಾಕ್ಟರ ಹತ್ತಿರ ಮೂರು ವಿಷಯ ಕೇಳಿ.

ಒಂದು, ಹಾರ್ಟ್ ಎಂಆರ್‌ಐ. ಬಲ ಕೋಣೆ ಎಕೋದಲ್ಲಿ ಸರಿಯಾಗಿ ಅಳತೆಗೆ ಸಿಗುವುದಿಲ್ಲ, ಎಂಆರ್‌ಐಯಲ್ಲಿ ಸಿಗುತ್ತದೆ. ಹಿಗ್ಗಿದಾಗ ಬಲ ಕೋಣೆ ಎಷ್ಟು ರಕ್ತ ಹಿಡಿಯುತ್ತದೆ ಅನ್ನುವುದನ್ನು ಮೈ ವಿಸ್ತೀರ್ಣದ ಒಂದು ಚದರ ಮೀಟರಿಗೆ ಇಷ್ಟು ಮಿಲಿಲೀಟರ್ ಅಂತ ಲೆಕ್ಕ ಕೊಡುತ್ತಾರೆ. ಅದು 160ರ ಹತ್ತಿರ ಬಂದರೆ, ಬೇರೆ ಲಕ್ಷಣಗಳನ್ನೂ ಸೇರಿಸಿ ನೋಡಿ, ಹೊಸ ವಾಲ್ವ್ ಹಾಕುವ ಮಾತು ಶುರುವಾಗುತ್ತದೆ. ಬಹಳ ತಡ ಮಾಡಿದರೆ ಹಿಗ್ಗಿದ ಕೋಣೆ ಮತ್ತೆ ಕುಗ್ಗುವುದಿಲ್ಲ, ಬಹಳ ಬೇಗ ಹಾಕಿದರೆ ಆ ವಾಲ್ವ್ ಸವೆದು ಮತ್ತೊಂದು ಹಾಕಿಸಬೇಕಾಗುತ್ತದೆ. ಸರಿಯಾದ ಹೊತ್ತು ಯಾವುದು ಅನ್ನುವುದರ ಮೇಲೇ ಈಗಿನ ಅರ್ಧ ಸಂಶೋಧನೆ ನಡೆಯುತ್ತಿದೆ ಅಂದರೂ ತಪ್ಪಿಲ್ಲ. ಅಂದ ಹಾಗೆ ನನ್ನ ಚಿಕ್ಕಪ್ಪನ ಮಗನಿಗೆ ಒಂದು ಸ್ಕ್ಯಾನಿಂಗ್ ಸೆಂಟರಿನವರು "ಎದೆಯಲ್ಲಿ ತಂತಿ ಇದೆ, ಎಂಆರ್‌ಐ ಆಗಲ್ಲ" ಅಂತ ವಾಪಸ್ ಕಳಿಸಿದ್ದರು. ಎದೆಮೂಳೆ ಹೊಲಿದ ತಂತಿ ಇದ್ದರೆ ಎಂಆರ್‌ಐ ಮಾಡಬಹುದು, ಬಹುತೇಕ ವಾಲ್ವ್‌ಗಳಿದ್ದರೂ ಮಾಡಬಹುದು. ಪೇಸ್‌ಮೇಕರ್ ಇದ್ದರೆ ಮಾತ್ರ ಮೊದಲೇ ವಿಚಾರಿಸಬೇಕು.

ಎರಡು, ಇಸಿಜಿಯಲ್ಲಿ ಕ್ಯೂಆರ್‌ಎಸ್ (ಕೆಳಗಿನ ಕೋಣೆಗಳು ಬಡಿಯುವಾಗ ಮೂಡುವ ಗೆರೆ) ಅಗಲ ಎಷ್ಟಿದೆ. ಅದು 180 ಮಿಲಿಸೆಕೆಂಡ್ ದಾಟಿದವರಿಗೆ ಅಪಾಯಕಾರಿ ಬಡಿತದ ಏರುಪೇರು ಬರುವ ಸಾಧ್ಯತೆ ಜಾಸ್ತಿ ಅಂತ 1995ರಲ್ಲೇ ಲಂಡನ್ನಿನ ತಂಡ ತೋರಿಸಿತ್ತು. ಇಸಿಜಿಗೆ ಖರ್ಚು ಕಡಿಮೆ, ಎಲ್ಲ ಊರಲ್ಲೂ ಸಿಗುತ್ತದೆ. ಪ್ರತಿ ಸಲದ್ದನ್ನೂ ಜೋಪಾನವಾಗಿ ಇಟ್ಟುಕೊಂಡು ಹಳೆಯದರ ಪಕ್ಕ ಇಟ್ಟು ನೋಡಲು ಹೇಳಿ.

ಮೂರು, ಹೊಸ ವಾಲ್ವ್ ಬೇಕಾದರೆ ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಹಾಕಲು ಆಗುತ್ತದಾ? 2000ದಲ್ಲಿ ಫಿಲಿಪ್ ಬೋನ್ಹೋಫರ್ ಅನ್ನುವ ಡಾಕ್ಟರು ಮೊದಲ ಬಾರಿ ಹೀಗೆ ಹಾಕಿದರು. ಮೊದಮೊದಲು ಕೃತಕ ಟ್ಯೂಬ್ ಹಾಕಿಸಿಕೊಂಡವರಿಗೆ ಮಾತ್ರ ಹೊಂದುತ್ತಿತ್ತು. ಈಗ ಹಿಗ್ಗಿದ ಸ್ವಂತ ದಾರಿಗೂ ಹೊಂದುವ ಮಾದರಿಗಳು ಬಂದಿವೆ. ಎಲ್ಲರಿಗೂ ಆಗುವುದಿಲ್ಲ, ಆದರೆ ಕೇಳುವುದರಲ್ಲಿ ನಷ್ಟವಿಲ್ಲ.

ಇನ್ನೊಂದು ಸಣ್ಣ ವಿಷಯ. ಹಳೆಯ ಕಾಲದ ಶಂಟ್ ಹಾಕಿದ್ದರೆ ಆ ಕಡೆಯ ಕೈಯಲ್ಲಿ ಬಿಪಿ ಕಡಿಮೆ ತೋರಿಸಬಹುದು. ಇನ್ನೊಂದು ಕೈಯಲ್ಲಿ ನೋಡಲು ಹೇಳಿ.

ಬೇರೆ ತೊಂದರೆ ಇದ್ದವರು

ಮಹಾಪಧಮನಿ ಕಿರಿದಾಗಿದ್ದು ಸರಿಮಾಡಿಸಿಕೊಂಡವರು ಬಿಪಿ ನೋಡಿಸುತ್ತಲೇ ಇರಬೇಕು. ರಿಪೇರಿ ಚೆನ್ನಾಗಿ ಆಗಿದ್ದರೂ ಚಿಕ್ಕ ವಯಸ್ಸಿಗೇ ಬಿಪಿ ಬರುತ್ತದೆ. ಬಲಗೈಯಲ್ಲಿ ನೋಡಿಸಿ, ಒಮ್ಮೊಮ್ಮೆ ಕಾಲಲ್ಲೂ. ಕೆಲವು ವರ್ಷಕ್ಕೊಮ್ಮೆ ಸಿಟಿ ಅಥವಾ ಎಂಆರ್‌ಐ ಬೇಕು, ಯಾಕೆಂದರೆ ಆ ಜಾಗ ಮತ್ತೆ ಕಿರಿದಾಗಬಹುದು, ಇಲ್ಲವೇ ಉಬ್ಬಬಹುದು.

ಫಾಂಟನ್ ಆದವರಲ್ಲಿ ರಕ್ತ ಪಂಪಿನ ಒತ್ತಡ ಇಲ್ಲದೆ ತಾನಾಗಿ ಶ್ವಾಸಕೋಶಕ್ಕೆ ಹೋಗಬೇಕು. ಅದರ ಭಾರ ಲಿವರ್ ಮೇಲೆ ಬೀಳುತ್ತದೆ. ಹಾರ್ಟ್ ಚೆನ್ನಾಗಿದ್ದರೂ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ, ಹಾಗಾಗಿ ಲಿವರ್ ಸ್ಕ್ಯಾನ್, ರಕ್ತ ಪರೀಕ್ಷೆ ನಿಯಮಿತವಾಗಿ ಆಗಲಿ. ಇವರಿಗೆ ಮಾತ್ರೆಯಿಂದ ದಮ್ಮು ಹೆಚ್ಚಿಸಬಹುದಾ ಅಂತ 400 ಹದಿಹರೆಯದವರ ಮೇಲೆ ಯುಡೆನಾಫಿಲ್ ಪ್ರಯೋಗ ಮಾಡಿದರು. 2019ರಲ್ಲಿ ಫಲಿತಾಂಶ ಬಂತು, ಮುಖ್ಯ ಗುರಿ ಮುಟ್ಟಲಿಲ್ಲ. ಕಾಲಿನ ಸ್ನಾಯು ಬಲವಾಗುವ ವ್ಯಾಯಾಮ ಸಹಾಯ ಮಾಡುತ್ತದೆ, ಆ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನೀರು ಕೂಡ ಕುಡಿಯದ ಏಕಾದಶಿ, ಶಿವರಾತ್ರಿ ಉಪವಾಸ ಇವರಿಗೆ ಬೇಡ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ತೂತು ಮುಚ್ಚದೆ ಉಳಿದು ಶ್ವಾಸಕೋಶದ ಒತ್ತಡ ಏರಿ ಮೈ ನೀಲಿಯಾದ ಐಸೆನ್‌ಮೆಂಗರ್ ಸ್ಥಿತಿಯವರಿಗೂ ಇದೇ ಮಾತು, ನೀರು ಕಡಿಮೆ ಆಗಬಾರದು. ಇವರ ಹಿಮೋಗ್ಲೋಬಿನ್ 18-19 ಇರುವುದು ಆಕ್ಸಿಜನ್ ಕೊರತೆಯನ್ನು ಮೈ ಸರಿದೂಗಿಸುವ ರೀತಿ. ಅದನ್ನು ನೋಡಿ ಯಾರಾದರೂ "ರಕ್ತ ಜಾಸ್ತಿ ಆಗಿದೆ, ಸ್ವಲ್ಪ ತೆಗೆಯೋಣ" ಅಂದರೆ ತಕ್ಷಣ ಒಪ್ಪಬೇಡಿ, ನಿಮ್ಮ ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿಸಿ. ಸುಮ್ನೆ ತೆಗೆದರೆ ಕಬ್ಬಿಣದ ಅಂಶ ಕಡಿಮೆಯಾಗಿ ಇನ್ನೂ ತೊಂದರೆ. ಡ್ರಿಪ್ ಹಾಕುವಾಗ ಟ್ಯೂಬಿನಲ್ಲಿ ಗಾಳಿಗುಳ್ಳೆ ಇರಬಾರದು, ಅದು ನೇರವಾಗಿ ಮೆದುಳಿಗೆ ಹೋಗಬಹುದು. ಇದನ್ನು ನರ್ಸಿಗೆ ಬಾಯಿಬಿಟ್ಟು ಹೇಳಿ.

ಹಲ್ಲು

ಹಲ್ಲಿಗೂ ಹಾರ್ಟಿಗೂ ಏನು ಸಂಬಂಧ ಅಂತ ಜನ ನಗುತ್ತಾರೆ. ಒಸಡಿನಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಹೃದಯದ ವಾಲ್ವ್ ಮೇಲೆ ಕೂತು ಎಂಡೋಕಾರ್ಡೈಟಿಸ್ ಅನ್ನುವ ಸೋಂಕು ಮಾಡುತ್ತದೆ, ಜೀವಕ್ಕೇ ಅಪಾಯ. ಕೃತಕ ವಾಲ್ವ್ ಇರುವವರು, ಹಿಂದೆ ಈ ಸೋಂಕು ಆಗಿದ್ದವರು, ರಿಪೇರಿ ಆಗದೆ ಮೈ ನೀಲಿ ಇರುವವರು, ಪ್ಯಾಚ್ ಅಥವಾ ಡಿವೈಸ್ ಹಾಕಿ 6 ತಿಂಗಳು ಆಗದವರು, ಪ್ಯಾಚ್ ಪಕ್ಕ ಇನ್ನೂ ಸೋರಿಕೆ ಇರುವವರು ಹಲ್ಲು ಕೀಳಿಸುವ ಅಥವಾ ಒಸಡಿಗೆ ಕೈಹಾಕುವ ಕೆಲಸಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ ಒಂದೇ ಸಲ. ಪೆನಿಸಿಲಿನ್ ಅಲರ್ಜಿ ಇದ್ದರೆ ಬೇರೆ ಔಷಧಿ. ನೀವು ಈ ಪಟ್ಟಿಯಲ್ಲಿದ್ದೀರಾ ಅಂತ ನಿಮ್ಮ ಹಾರ್ಟ್ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಹಲ್ಲಿನ ಡಾಕ್ಟರಿಗೆ ತೋರಿಸಿ. ಟ್ಯಾಟೂ ಆಸೆ ಇದ್ದರೆ ಈ ಪಟ್ಟಿಯವರು ಬಿಟ್ಟುಬಿಡುವುದು ಒಳ್ಳೆಯದು. ವಾರಗಟ್ಟಲೆ ಬಿಡದ ಜ್ವರ ಬಂದರೆ ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯಾಟಿಕ್ ಕೇಳಿ ನುಂಗಬೇಡಿ, ಮೊದಲು ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡುವ ಬ್ಲಡ್ ಕಲ್ಚರ್ ಆಗಲಿ.

ಆಟ, ವ್ಯಾಯಾಮ

"ಓಡಬೇಡ, ಬಿದ್ದೀಯ, ನಿಂಗೆ ಹಾರ್ಟು" ಅಂತ ಬೆಳೆಸಿದ ಮಕ್ಕಳು ಈಗ 35ರ ಹತ್ತಿರ ಬಂದು ಹೊಟ್ಟೆ ಬೆಳೆಸಿಕೊಂಡು ಕೂತಿದ್ದಾರೆ. ಸಂಶೋಧನೆ ಈಗ ಪೂರ್ತಿ ತಿರುಗಿದೆ. ಸಾರಾಸಗಟಾಗಿ ಬೇಡ ಅನ್ನುವ ಬದಲು, ಟ್ರೆಡ್‌ಮಿಲ್ ಪರೀಕ್ಷೆ ಮಾಡಿ ಆಯಾ ವ್ಯಕ್ತಿಗೆ ಎಷ್ಟು ಆಗುತ್ತದೆ ಅಂತ ಬರೆದುಕೊಡಬೇಕು ಅನ್ನುತ್ತಾರೆ. ನಡಿಗೆ, ಸೈಕಲ್ ಬಹುತೇಕರಿಗೆ ಆಗುತ್ತದೆ. ಮಾತಾಡುತ್ತಾ ಮಾಡಬಲ್ಲಿರಿ, ಆದರೆ ಹಾಡಲು ಆಗದು ಅನ್ನುವಷ್ಟು ವೇಗ ಸಾಕು. ಉಸಿರು ಬಿಗಿಹಿಡಿದು ಭಾರ ಎತ್ತುವುದನ್ನು ಕೇಳದೆ ಮಾಡಬೇಡಿ, ಮಹಾಪಧಮನಿ ಉಬ್ಬಿರುವವರಂತೂ ಖಂಡಿತ ಬೇಡ. ಶಾಲೆಯ ಪಿಟಿ ಮೇಷ್ಟ್ರಿಗೆ ಬರೀ "ಹಾರ್ಟ್ ಪೇಷೆಂಟ್" ಅಂತ ಹೇಳುವ ಬದಲು, ಇದು ಮಾಡಬಹುದು, ಇದು ಬೇಡ ಅಂತ ಡಾಕ್ಟರಿಂದ ಬರೆಸಿಕೊಡಿ.

ಮದುವೆ, ಮಗು

ಸಂಬಂಧ ತಪ್ಪಿಹೋಗುತ್ತದೆ ಅಂತ ಹುಡುಗಿಯ ಆಪರೇಷನ್ ವಿಷಯ ಮುಚ್ಚಿಟ್ಟು ಮದುವೆ ಮಾಡುವವರು ಇದ್ದಾರೆ. ನನ್ನ ಪ್ರಕಾರ ಇದು ಅವಳಿಗೇ ಮಾಡುವ ಅನ್ಯಾಯ. ಮದುವೆಯಾದ ಮೇಲೆ ಗುಟ್ಟು ಉಳಿಸಲು ಅವಳು ಚೆಕಪ್ ಬಿಡುತ್ತಾಳೆ, ಮಾತ್ರೆ ಬಿಡುತ್ತಾಳೆ, ಬಸುರಿಯಾದಾಗ ಯಾರಿಗೂ ಹೇಳುವುದಿಲ್ಲ. ಬಸುರಿನಲ್ಲಿ ಹೃದಯ ಪಂಪ್ ಮಾಡುವ ರಕ್ತ 30ರಿಂದ 50 ಶೇಕಡಾ ಜಾಸ್ತಿಯಾಗುತ್ತದೆ. ಈ ಹೊರೆ ಹೊರಲು ಆಗುತ್ತದಾ ಅನ್ನುವುದು ಮೊದಲೇ ಗೊತ್ತಿರಬೇಕು ಅಲ್ವಾ?

ಒಳ್ಳೆಯ ಸುದ್ದಿ ಏನೆಂದರೆ ಹೆಚ್ಚಿನವರು ಸುರಕ್ಷಿತವಾಗಿ ಹೆರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನ ಒಂದು ವರ್ಗೀಕರಣ ಇದೆ, ಬಸುರಿನ ಅಪಾಯ ಹೆಚ್ಚಿದ ಹಾಗೆ 1ರಿಂದ 4ರವರೆಗೆ. ಚೆನ್ನಾಗಿ ಮುಚ್ಚಿದ ಎಎಸ್‌ಡಿ ಒಂದನೆಯದು, ಟೆಟ್ರಾಲಜಿ ರಿಪೇರಿ ಸಾಮಾನ್ಯವಾಗಿ ಎರಡನೆಯದು. ಐಸೆನ್‌ಮೆಂಗರ್ ನಾಲ್ಕನೆಯದು, ಅಲ್ಲಿ ತಾಯಿಯ ಜೀವಕ್ಕೇ ದೊಡ್ಡ ಅಪಾಯ, ಬಸುರು ಬೇಡ ಅಂತಲೇ ಹೇಳುತ್ತಾರೆ. ನಿಮ್ಮದು ಯಾವುದು ಅಂತ ಬಸುರಾಗುವ ಮುಂಚೆ ಕೇಳಿ. ಬಿಪಿಗೆ, ಹಾರ್ಟಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆಗಳು, ಶ್ವಾಸಕೋಶದ ಒತ್ತಡಕ್ಕೆ ಕೊಡುವ ಬೊಸೆಂಟಾನ್, ಇವು ಮಗುವಿಗೆ ಹಾನಿ ಮಾಡುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೂ ಬೇರೆ ಯೋಜನೆ ಬೇಕು. ಹಾಗಂತ ಬಸುರು ಗೊತ್ತಾದ ದಿನ ಎಲ್ಲ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ರಕ್ತ ಹೆಪ್ಪುಗಟ್ಟಿಸುತ್ತದೆ. ಫಾಂಟನ್, ಐಸೆನ್‌ಮೆಂಗರ್ ಇರುವವರಿಗೆ ಅದು ಬೇಡ, ಬೇರೆ ದಾರಿಗಳಿವೆ.

ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಗುವಿಗೂ ಹೃದಯದ ದೋಷ ಬರುವ ಸಾಧ್ಯತೆ ಸುಮಾರು 100ಕ್ಕೆ 3-5. ಆದರೆ 22ನೇ ಕ್ರೋಮೋಸೋಮಿನ ಒಂದು ತುಣುಕು ಇಲ್ಲದವರು ಆ ಕೊರತೆಯನ್ನು ಮಗುವಿಗೆ ದಾಟಿಸುವ ಸಾಧ್ಯತೆ ಅರ್ಧಕ್ಕರ್ಧ. ಟೆಟ್ರಾಲಜಿ ಇರುವವರು ಆ ತುಣುಕು ಇದೆಯಾ ಅಂತ ನೋಡುವ ಪರೀಕ್ಷೆಯ ಬಗ್ಗೆ ಕೇಳಲೇಬೇಕು. 18ರಿಂದ 22 ವಾರದೊಳಗೆ ಮಗುವಿನ ಹಾರ್ಟಿನ ಸ್ಕ್ಯಾನ್ ಮಾಡಿಸಿ. ಸೋದರಮಾವ, ಅತ್ತೆಮಗ ಅಂತ ಒಳಗೊಳಗೇ ಮದುವೆಯಾಗುವ ನಮ್ಮ ಪದ್ಧತಿಗೂ ಈ ದೋಷಕ್ಕೂ ನಂಟಿದೆ ಅಂತ ಮೈಸೂರಿನ ಸಂಶೋಧಕರು 2006ರಲ್ಲೇ ತೋರಿಸಿದ್ದಾರೆ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಇದನ್ನಾದರೂ ಯೋಚಿಸಿ.

ಮಕ್ಕಳಿಗೆ ಯಾವಾಗ ಹೇಳುವುದು

12-13ಕ್ಕೆ ಶುರುಮಾಡಿ. ತನ್ನ ತೊಂದರೆಯ ಹೆಸರು, ಮಾತ್ರೆಯ ಹೆಸರು ಅವರ ಬಾಯಲ್ಲೇ ಬರಲಿ. ಡಾಕ್ಟರ ಕೋಣೆಯಲ್ಲಿ ಸ್ವಲ್ಪ ಹೊತ್ತು ಅವರೊಬ್ಬರನ್ನೇ ಬಿಡಿ. ಅಮ್ಮನೇ ಎಲ್ಲ ಉತ್ತರ ಕೊಡುತ್ತಿದ್ದರೆ, ಹಾಸ್ಟೆಲ್ ಸೇರಿದ ಮೇಲೆ ಚೆಕಪ್ ನಿಂತೇಹೋಗುತ್ತದೆ. ಫಾಲೋಅಪ್ ತಪ್ಪಿಹೋಗುವುದು ಹೆಚ್ಚಾಗಿ ಈ ವಯಸ್ಸಲ್ಲೇ.

ಮನಸ್ಸಿನ ವಿಷಯವನ್ನೂ ಬಿಡಬೇಡಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಇದಕ್ಕೇ ಅಂತ ಒಂದು ಹೇಳಿಕೆ ತಂದಿತು. ಈ ತೊಂದರೆ ಇರುವ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಆತಂಕವೋ ಖಿನ್ನತೆಯೋ ಇರುತ್ತದೆ. ಎದೆ ಡವಡವ ಅಂದಾಗ ಅದು ಭಯವೋ ಬಡಿತದ ಏರುಪೇರೋ ಅಂತ ನೀವೇ ತೀರ್ಮಾನ ಮಾಡಬೇಡಿ, ಹತ್ತಿರದ ಯಾವುದಾದರೂ ಕ್ಲಿನಿಕ್ಕಿಗೆ ಹೋಗಿ, ಡವಡವ ಇರುವಾಗಲೇ ಇಸಿಜಿ ತೆಗೆಸಿ. ನಿಂತ ಮೇಲೆ ತೆಗೆದರೆ ಏನೂ ಸಿಗುವುದಿಲ್ಲ. ತಲೆಸುತ್ತಿ ಬಿದ್ದರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ.

40 ದಾಟಿದವರಿಗೆ ಬಿಪಿ, ಶುಗರ್, ಕೊಲೆಸ್ಟರಾಲ್ ಎಲ್ಲರ ಹಾಗೇ ಬರುತ್ತವೆ, ಹಳೆಯ ರಿಪೇರಿಯ ಮೇಲೆ ಅದೂ ಸೇರುತ್ತದೆ. ಬೀಡಿ ಸಿಗರೇಟು ಬಗ್ಗೆ ಬೇರೆ ಹೇಳಬೇಕಾ?

ದುಡ್ಡಿನ ಮಾತು

18 ವರ್ಷದವರೆಗೆ ಸರ್ಕಾರದ ಆರ್‌ಬಿಎಸ್‌ಕೆ ಕಾರ್ಯಕ್ರಮ ಇದೆ, ಅಂಗನವಾಡಿ, ಶಾಲೆಗಳಲ್ಲಿ ತಪಾಸಣೆ ಮಾಡಿ ಆಪರೇಷನ್‌ವರೆಗೆ ಕರೆದುಕೊಂಡು ಹೋಗುತ್ತಾರೆ. 18 ಆದ ಮೇಲೆ ಆ ಬಾಗಿಲು ಮುಚ್ಚುತ್ತದೆ, ಹಾಗಾಗಿ ಬಾಕಿ ಪರೀಕ್ಷೆ ಏನಾದರೂ ಇದ್ದರೆ ಅದಕ್ಕೆ ಮುಂಚೆ ಮುಗಿಸಿಕೊಳ್ಳಿ. ಆಮೇಲೆ ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಜಯದೇವ ಆಸ್ಪತ್ರೆ ಬೆಂಗಳೂರಲ್ಲದೆ ಮೈಸೂರು, ಕಲಬುರಗಿಯಲ್ಲೂ ಇದೆ. ಬೆಂಗಳೂರಿನ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಹಾರ್ಟ್ ಆಪರೇಷನ್ ಉಚಿತ.

ಖಾಸಗಿ ವಿಮೆ ತೆಗೆದುಕೊಳ್ಳುವಾಗ ಹಳೆಯ ಆಪರೇಷನ್ ವಿಷಯ ಬರೆದೇ ಬರೆಯಿರಿ, ಏಜೆಂಟ್ ಬೇಡ ಅಂದರೂ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಅದನ್ನೇ ಹಿಡಿದು ತಿರಸ್ಕರಿಸುತ್ತಾರೆ. ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಗರಿಷ್ಠ ಅವಧಿಯನ್ನು 2024ರಲ್ಲಿ 4 ವರ್ಷದಿಂದ 3 ವರ್ಷಕ್ಕೆ ಇಳಿಸಿದ್ದಾರೆ. ಪಾಲಿಸಿಯಲ್ಲಿ ಹುಟ್ಟು ದೋಷವನ್ನು ಹೊರಗಿನದು, ಒಳಗಿನದು ಅಂತ ಬೇರೆ ಮಾಡಿರುತ್ತಾರೆ. ಹೃದಯದ್ದು ಒಳಗಿನದು, ಆ ಸಾಲು ಹುಡುಕಿ ಓದಿ ಆಮೇಲೆ ಸಹಿ ಹಾಕಿ.